ವಂಶದ ನಕ್ಷೆಯಲ್ಲಿ ಕಪ್ಪು ವೃತ್ತಗಳು

1866ರಲ್ಲಿ ಯುರೋಪಿನಲ್ಲಿ ಎರಡು ಬರಹಗಳು ಅಚ್ಚಾದವು. ಒಂದು, ಬ್ರನೋ ಊರಿನ ಕ್ರೈಸ್ತ ಮಠದ ಸನ್ಯಾಸಿ ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳ ವರದಿ. ಇನ್ನೊಂದು, ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಗಡ್ಡೆಗಳ ಕುರಿತು ಬರೆದ ಗ್ರಂಥದ ಮೊದಲ ಸಂಪುಟ. ಮೊದಲನೆಯದರಲ್ಲಿ ಗುಣಗಳು ತಲೆಮಾರಿನಿಂದ ತಲೆಮಾರಿಗೆ ದಾಟುವ ಲೆಕ್ಕವಿತ್ತು. ಎರಡನೆಯದರಲ್ಲಿ ಒಂದು ಮನೆತನದ ಸಾವುಗಳ ಪಟ್ಟಿಯಿತ್ತು. ಆ ಲೆಕ್ಕ ಈ ಪಟ್ಟಿಗೂ ಹೊಂದುತ್ತದೆ ಎಂದು ಸಾಬೀತಾಗಲು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೆದುಳಿನಲ್ಲಿ ಮಾತಿನ ನೆಲೆಯನ್ನು ಗುರುತಿಸಿದವನೆಂದು ಬ್ರೋಕಾನ ಹೆಸರನ್ನು ನಾವು ಕೇಳಿರುತ್ತೇವೆ. ಗಡ್ಡೆಗಳ ಗ್ರಂಥದಲ್ಲಿ ಅವನು ಒಂದು ಕುಟುಂಬದ ನಾಲ್ಕು ತಲೆಮಾರುಗಳನ್ನು ವಿವರಿಸಿದ. ಹೆಸರು ಮರೆಮಾಚಿ ‘ಮದಾಂ ಝೆಡ್’ ಎಂದಷ್ಟೇ ಕರೆದ ಹಿರಿಯಳು 1788ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಆ ವಂಶದ 24 ಹೆಂಗಸರಲ್ಲಿ 10 ಮಂದಿ ಅದೇ ಕಾಯಿಲೆಯಿಂದ ಸತ್ತಿದ್ದರು. ಅದು ಬ್ರೋಕಾನ ಹೆಂಡತಿಯ ತವರು ಎಂದು ಇತಿಹಾಸಕಾರರು ಹೇಳುತ್ತಾರೆ. ಎಂಬತ್ತು ವರ್ಷ ಹಿಂದಿನ ಸಾವಿನವರೆಗೆ ಹೋಗುವ ಇಂಥ ಪಟ್ಟಿಯನ್ನು ಯಾವ ವೈದ್ಯನೂ ಒಬ್ಬನೇ ಮಾಡಲಾರ. ಮನೆಯಲ್ಲಿ ಯಾರೋ ನೆನಪಿಟ್ಟುಕೊಂಡಿರಬೇಕು.

ವಂಶಪಾರಂಪರ್ಯ ಸ್ತನ ಮತ್ತು ಅಂಡಾಶಯ ಕ್ಯಾನ್ಸರಿನ ಸಂಶೋಧನೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಪ್ರಯೋಗಾಲಯಗಳ ಚರಿತ್ರೆಯಾಗಿ ಓದುತ್ತೇವೆ. ಅದರ ಮುಖ್ಯ ತಿರುವುಗಳನ್ನು ಒಂದೊಂದಾಗಿ ನೋಡಿದರೆ ಅಲ್ಲೆಲ್ಲ ಕುಟುಂಬದ ಹೆಂಗಸರು ನಿಂತಿರುತ್ತಾರೆ. ಮೊದಲು ಅವರು ನೆನಪು ಕೊಟ್ಟರು, ಆಮೇಲೆ ರಕ್ತ ಕೊಟ್ಟರು, ಕೊನೆಗೆ ತಮ್ಮ ಅಂಗಗಳನ್ನೇ ಕೊಟ್ಟರು.

ಬ್ರೋಕಾನ ಪಟ್ಟಿಯಂಥವು ಎಷ್ಟು ಸಿಕ್ಕರೂ ವೈದ್ಯಲೋಕ ಒಪ್ಪಲು ಹಿಂಜರಿದುದಕ್ಕೆ ಕಾರಣವಿತ್ತು. ಸ್ತನ ಕ್ಯಾನ್ಸರ್ ಅಪರೂಪದ ಕಾಯಿಲೆಯಲ್ಲ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬಂದರೆ ಅದು ಕಾಕತಾಳೀಯವೂ ಇರಬಹುದು, ಒಂದೇ ಅಡುಗೆ, ಒಂದೇ ಗಾಳಿಯ ಫಲವೂ ಇರಬಹುದು. 1960ರ, 70ರ ದಶಕಗಳಲ್ಲಂತೂ ಅನೇಕ ವಿಜ್ಞಾನಿಗಳ ಕಣ್ಣು ವೈರಸ್ಸುಗಳ ಮೇಲಿತ್ತು. ಅಂಥ ಕಾಲದಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ಹೆನ್ರಿ ಲಿಂಚ್ ಎಂಬ ವೈದ್ಯರು ಕುಟುಂಬಗಳ ಬೆನ್ನು ಹತ್ತಿದರು. ರೋಗಿಯ ಮಾತು ಕೇಳಿ, ಬಂಧುಗಳನ್ನು ಹುಡುಕಿ, ವಂಶದ ನಕ್ಷೆ ಬರೆದರು. ಇಂಥ ನಕ್ಷೆಯಲ್ಲಿ ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ. ಕಾಯಿಲೆ ಬಂದವರ ಗುರುತನ್ನು ಕಪ್ಪು ತುಂಬುತ್ತಾರೆ. ಕೆಲವು ಮನೆತನಗಳಲ್ಲಿ ಸ್ತನ ಕ್ಯಾನ್ಸರೂ ಅಂಡಾಶಯದ ಕ್ಯಾನ್ಸರೂ ಜೊತೆಜೊತೆಯಾಗಿ ಬರುತ್ತವೆಂದು ಲಿಂಚ್ 1970ರ ದಶಕದ ಆರಂಭದಲ್ಲೇ ತೋರಿಸಿದರು. ಆದರೂ ಅವರ ಸಂಶೋಧನೆಗೆ ಅನುದಾನ ಸಿಗುವುದು ಬಹುಕಾಲ ಕಷ್ಟವೇ ಆಗಿತ್ತು.

ಮೆಂಡೆಲನ ಲೆಕ್ಕವನ್ನು ಈ ನಕ್ಷೆಗಳಿಗೆ ಕೂಡಿಸಿದವರು ಮೇರಿ-ಕ್ಲೇರ್ ಕಿಂಗ್. ಗಣಿತ ಓದಿ ತಳಿಶಾಸ್ತ್ರಕ್ಕೆ ಬಂದ ಅವರು 1974ರ ಸುಮಾರಿಗೆ ಸ್ತನ ಕ್ಯಾನ್ಸರಿನ ಕೆಲಸಕ್ಕೆ ಇಳಿದರು. 1984ರಿಂದ ಅವರು ಇನ್ನೊಂದು ಹುಡುಕಾಟದಲ್ಲೂ ತೊಡಗಿದ್ದರು. ಅರ್ಜೆಂಟೀನಾದ ಸೇನಾ ಆಡಳಿತದಲ್ಲಿ ಕಣ್ಮರೆಯಾದ ಮಕ್ಕಳನ್ನು ಅರಸುತ್ತಿದ್ದ ಅಜ್ಜಿಯರಿಗೆ, ತಳಿವಿಜ್ಞಾನದ ಮೂಲಕ ಮೊಮ್ಮಕ್ಕಳನ್ನು ಗುರುತಿಸಿಕೊಡುವ ಕೆಲಸ ಅದು. ರಕ್ತದೊಳಗಿನ ಗುರುತು ಹಿಡಿದು ವಂಶದ ಎಳೆಯನ್ನು ಹುಡುಕುವುದು ಎರಡೂ ಕೆಲಸಗಳಿಗೆ ಸಾಮಾನ್ಯವಾಗಿತ್ತು.

1988ರಲ್ಲಿ ಕಿಂಗ್ ಮತ್ತು ಸಹೋದ್ಯೋಗಿಗಳು 1,579 ರೋಗಿಗಳ ಕುಟುಂಬಗಳ ಅಂಕಿ ಅಂಶಗಳನ್ನು ಲೆಕ್ಕಹಾಕಿ, ಅವುಗಳಲ್ಲಿ ಸಣ್ಣದೊಂದು ಪಾಲಿನಲ್ಲಿ ಮಾತ್ರ ಒಂದೇ ವಂಶವಾಹಿಯ ದೋಷ ಕಾಯಿಲೆಗೆ ಕಾರಣವಾಗಿರಬೇಕು ಎಂದು ತೋರಿಸಿದರು. ಆ ವಂಶವಾಹಿ ಎಲ್ಲಿದೆ? ಇಡೀ ಮಾನವ ಜೀನೋಮನ್ನು ಯಾರೂ ಓದಿರದ ಕಾಲ ಅದು. ಇದ್ದದ್ದು ವರ್ಣತಂತುಗಳ ಮೇಲೆ ಅಲ್ಲಲ್ಲಿ ಗೊತ್ತಿದ್ದ ಕೆಲವು ಗುರುತುಗಳು, ರಸ್ತೆ ಬದಿಯ ಮೈಲಿಗಲ್ಲುಗಳಂತೆ. ಕಾಯಿಲೆ ಬಂದವರೆಲ್ಲರಿಗೂ ತಪ್ಪದೆ ಬಂದಿರುವ ಮೈಲಿಗಲ್ಲು ಯಾವುದೆಂದು ಗೊತ್ತಾದರೆ, ವಂಶವಾಹಿ ಅದರ ಹತ್ತಿರದಲ್ಲೇ ಇದೆಯೆಂದು ಊಹಿಸಬಹುದು.

ಕಿಂಗ್ ತಂಡದ ಬಳಿ 23 ಕುಟುಂಬಗಳು, ಅವುಗಳಲ್ಲಿ ಸ್ತನ ಕ್ಯಾನ್ಸರ್ ಬಂದ 146 ಜನ ಇದ್ದರು. ಎಲ್ಲರನ್ನೂ ಒಟ್ಟಿಗೆ ಸೇರಿಸಿ ನೋಡಿದಾಗ ಚಿತ್ರ ಮಸುಕಾಗಿತ್ತು. ಆಗ ಕುಟುಂಬಗಳನ್ನು ಕಾಯಿಲೆ ಪತ್ತೆಯಾದ ಸರಾಸರಿ ವಯಸ್ಸಿನ ಪ್ರಕಾರ ಸಾಲಾಗಿ ಜೋಡಿಸಿದರು. ಎಳೆ ವಯಸ್ಸಿನಲ್ಲೇ ಕಾಯಿಲೆ ಬಂದಿದ್ದ ಮೊದಲ ಏಳು ಕುಟುಂಬಗಳಲ್ಲಿ ಹದಿನೇಳನೆಯ ವರ್ಣತಂತುವಿನ ಒಂದು ಗುರುತು ಸ್ಪಷ್ಟವಾಗಿ ಎದ್ದು ಬಂತು. ಅಮ್ಮನಿಗೆ, ಅಕ್ಕನಿಗೆ, ಚಿಕ್ಕಮ್ಮನಿಗೆ ಎಷ್ಟನೇ ವಯಸ್ಸಿಗೆ ಕಾಯಿಲೆ ಬಂತು ಎಂಬ ಮನೆಯ ಮಾತೇ ಇಲ್ಲಿ ಬಾಗಿಲು ತೆರೆಯಿತು. 1990ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ವರದಿ ಬಂತು. ಮರುವರ್ಷವೇ ಸ್ಟೀವನ್ ನರೋಡ್, ಲಿಂಚ್ ಮತ್ತವರ ಸಂಗಡಿಗರು ಅಂಡಾಶಯದ ಕ್ಯಾನ್ಸರೂ ಇದ್ದ ಕುಟುಂಬಗಳಲ್ಲಿ ಅದೇ ಜಾಗವನ್ನು ಗುರುತಿಸಿದರು. ಲಿಂಚ್ ಇಪ್ಪತ್ತು ವರ್ಷ ಹೇಳುತ್ತ ಬಂದದ್ದಕ್ಕೆ ಈಗ ವಿಳಾಸ ಸಿಕ್ಕಿತ್ತು.

ಮುಂದಿನ ನಾಲ್ಕು ವರ್ಷ ಪೈಪೋಟಿಯ ಕಾಲ. 1994ರಲ್ಲಿ ಆ ವಂಶವಾಹಿಯನ್ನು ಬೇರ್ಪಡಿಸಿ ಓದಿದ್ದು ಅಮೆರಿಕದ ಯೂಟಾ ರಾಜ್ಯದಲ್ಲಿ ಮಾರ್ಕ್ ಸ್ಕೋಲ್ನಿಕ್ ಅವರ ತಂಡ. ಅಲ್ಲಿಯ ಮಾರ್ಮನ್ ಪಂಥದವರು ಧರ್ಮದ ಕಾರಣಕ್ಕೆ ವಂಶಾವಳಿಗಳನ್ನು ಬಹು ಜತನದಿಂದ ಬರೆದಿಡುತ್ತಾರೆ. ಆ ದಾಖಲೆಗಳು ವಿಜ್ಞಾನಕ್ಕೆ ಒದಗಿ ಬಂದವು. ಬಿಆರ್‌ಸಿಎ1 ಎಂಬ ಆ ವಂಶವಾಹಿಯ ಹಿಂದೆಯೇ 1995ರಲ್ಲಿ ಬ್ರಿಟನ್ನಿನ ಮೈಕೆಲ್ ಸ್ಟ್ರಾಟನ್ ಅವರ ತಂಡ ಹದಿಮೂರನೆಯ ವರ್ಣತಂತುವಿನ ಬಿಆರ್‌ಸಿಎ2 ವಂಶವಾಹಿಯನ್ನು ಗುರುತಿಸಿತು. ಸ್ಕೋಲ್ನಿಕ್ ಸಹಸ್ಥಾಪಕರಾಗಿದ್ದ ಮಿರಿಯಡ್ ಜೆನೆಟಿಕ್ಸ್ ಕಂಪನಿ ಈ ವಂಶವಾಹಿಗಳ ಮೇಲೆ ಪೇಟೆಂಟ್ ಪಡೆಯಿತು.

ಇವು ದೇಹದಲ್ಲಿ ಮಾಡುವ ಕೆಲಸವೇನು? ಜೀವಕೋಶದ ಡಿಎನ್ಎ ಎಳೆಗಳು ದಿನವೂ ಅಲ್ಲಲ್ಲಿ ತುಂಡಾಗುತ್ತಿರುತ್ತವೆ. ಅವನ್ನು ತಪ್ಪಿಲ್ಲದಂತೆ ಜೋಡಿಸುವ ಕೆಲಸದಲ್ಲಿ ಈ ಎರಡು ವಂಶವಾಹಿಗಳಿಗೆ ಪಾತ್ರವಿದೆ. ಪ್ರತಿಯೊಬ್ಬರಲ್ಲೂ ಇವುಗಳ ಎರಡೆರಡು ಪ್ರತಿಗಳಿರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಹುಟ್ಟುವಾಗಲೇ ಒಂದು ಕೆಟ್ಟಿದ್ದರೂ ಇನ್ನೊಂದು ನಿಭಾಯಿಸುತ್ತದೆ. ಯಾವುದೋ ಕೋಶದಲ್ಲಿ ಆ ಇನ್ನೊಂದೂ ಕೆಟ್ಟರೆ ದುರಸ್ತಿ ನಿಂತು, ತಪ್ಪುಗಳು ಗುಡ್ಡೆ ಬೀಳುತ್ತವೆ. ಬಿಆರ್‌ಸಿಎ2 ಇಲ್ಲದ ಕೋಶಗಳಲ್ಲಿ ವರ್ಣತಂತುಗಳು ಹೇಗೆ ಛಿದ್ರವಾಗುತ್ತವೆಂದು 1990ರ ದಶಕದ ಕೊನೆಗೆ ತೋರಿಸಿದ ತಂಡಗಳಲ್ಲಿ ಕೇಂಬ್ರಿಜ್‌ನ ಅಶೋಕ್ ವೆಂಕಿಟರಾಮನ್ ಅವರದೂ ಒಂದು. ವೆಲ್ಲೂರಿನಲ್ಲಿ ವೈದ್ಯಕೀಯ ಓದಿದ ಅವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸಂಶೋಧನೆಯಲ್ಲೂ ಕೈಜೋಡಿಸಿದರು. ಇದೇ ದೌರ್ಬಲ್ಯವನ್ನು ಔಷಧವಾಗಿ ತಿರುಗಿಸಬಹುದೆಂದು 2005ರಲ್ಲಿ ಎರಡು ತಂಡಗಳು ತೋರಿಸಿದವು. ಒಂದು ದುರಸ್ತಿಯ ದಾರಿ ಕಳೆದುಕೊಂಡ ಕ್ಯಾನ್ಸರ್ ಕೋಶಕ್ಕೆ ಉಳಿದ ಆಸರೆಯನ್ನೂ ತಪ್ಪಿಸಿದರೆ ಅದು ಸಾಯುತ್ತದೆ. ಈ ತತ್ವದ ಮೇಲೆ ನಿಂತ ಒಲಾಪರಿಬ್ ಎಂಬ ಔಷಧಕ್ಕೆ 2014ರಲ್ಲಿ ಅಂಡಾಶಯದ ಕ್ಯಾನ್ಸರಿಗಾಗಿ ಅನುಮತಿ ಸಿಕ್ಕಿತು.

ರೋಗಶಾಸ್ತ್ರದ ಕಡೆಯ ಕಥೆ ಇನ್ನೂ ವಿಚಿತ್ರವಾದದ್ದು. ದೋಷವಿದ್ದ ವಂಶವಾಹಿ ಪಡೆದ ಅನೇಕ ಹೆಂಗಸರು, ಕಾಯಿಲೆ ಬರುವ ಮೊದಲೇ ಅಂಡಾಶಯಗಳನ್ನೂ ಅಂಡನಾಳಗಳನ್ನೂ ತೆಗೆಸಿಕೊಳ್ಳುವ ಕಠಿಣ ನಿರ್ಧಾರ ಮಾಡಿದರು. ಹಾಗೆ ತೆಗೆದ ಅಂಗಗಳು ಸೂಕ್ಷ್ಮದರ್ಶಕದ ಕೆಳಗೆ ಬಂದವು. ಪೆಥಾಲಜಿಸ್ಟರು ಅಂಡಾಶಯವನ್ನು ಜಾಲಾಡುತ್ತಿದ್ದರು. ಅಂಡನಾಳದ ಒಂದೆರಡು ತುಂಡು ನೋಡಿ ಬಿಡುತ್ತಿದ್ದರು. 2001ರಲ್ಲಿ ನೆದರ್ಲೆಂಡ್ಸಿನ ಯುರ್ಗನ್ ಪೀಕ್ ಮತ್ತು ಸಂಗಡಿಗರು ನಾಳವನ್ನೇ ಗಮನವಿಟ್ಟು ನೋಡಿದರು. ಅಪಾಯವಿದ್ದ 12 ಹೆಂಗಸರಲ್ಲಿ 6 ಮಂದಿಯ ಅಂಡನಾಳದಲ್ಲಿ ಕ್ಯಾನ್ಸರಿನತ್ತ ಸಾಗುತ್ತಿದ್ದ ಬದಲಾವಣೆಗಳು ಕಂಡವು. ಆಮೇಲೆ ಬಾಸ್ಟನ್ನಿನ ಕ್ರಿಸ್ಟೋಫರ್ ಕ್ರಮ್ ಅವರ ತಂಡ, ಅಂಡಾಶಯಕ್ಕೆ ತಾಗಿಕೊಂಡಿರುವ ನಾಳದ ಕುಚ್ಚಿನಂಥ ತುದಿಯನ್ನು ಉದ್ದುದ್ದ ಸೀಳಿ ಪೂರ್ತಿ ಪರೀಕ್ಷಿಸುವ ಕ್ರಮವನ್ನೇ ರೂಪಿಸಿತು. ನಾವು ಅಂಡಾಶಯದ ಕ್ಯಾನ್ಸರ್ ಎನ್ನುವ ಕಾಯಿಲೆಯ ಅತ್ಯಂತ ಮಾರಕ ಬಗೆಯಲ್ಲಿ ಬಹುಪಾಲು ಹುಟ್ಟುವುದು ಅಂಡನಾಳದ ತುದಿಯಲ್ಲಿ ಎಂಬ ತಿಳಿವಳಿಕೆ ಹೀಗೆ ಬಂತು.

ಇದು ಬರೀ ಹೆಸರಿನ ತಿದ್ದುಪಡಿಯಲ್ಲ. ಎಳೆ ವಯಸ್ಸಿನಲ್ಲಿ ಅಂಡಾಶಯ ತೆಗೆದರೆ ಮುಟ್ಟು ನಿಂತು, ಮೂಳೆ ಸವೆಯುವ, ಹೃದಯ ಸೋಲುವ ಅಪಾಯ ಹೆಚ್ಚುತ್ತದೆ. ಮೊದಲು ನಾಳ ಮಾತ್ರ ತೆಗೆದು, ಅಂಡಾಶಯವನ್ನು ಕೆಲವು ವರ್ಷ ಉಳಿಸಿಕೊಳ್ಳಬಹುದೇ ಎಂಬ ಪರೀಕ್ಷೆಗಳು ಈಗ ನಡೆದಿವೆ. ಕಾಯಿಲೆಯಿಲ್ಲದ ಹೆಂಗಸರು ಭಯದಿಂದ ಬಿಟ್ಟುಕೊಟ್ಟ ಅಂಗಗಳೇ ಮುಂದಿನವರಿಗೆ ಈ ದಾರಿ ತೋರಿದವು.

ಇಷ್ಟೆಲ್ಲ ಕೊಟ್ಟವರಿಗೆ ತಮ್ಮದೇ ರಕ್ತದ ಸುದ್ದಿ ಕೇಳಲು ಅಮೆರಿಕದಲ್ಲಿ ಒಂದೇ ಕಂಪನಿಯ ಬಾಗಿಲು ತಟ್ಟಬೇಕಿತ್ತು, 3,000 ಡಾಲರಿಗೂ ಹೆಚ್ಚು ತೆರಬೇಕಿತ್ತು. ಇನ್ನೊಂದು ಪ್ರಯೋಗಾಲಯದಲ್ಲಿ ಖಾತ್ರಿ ಮಾಡಿಕೊಳ್ಳುವುದಕ್ಕೆ ಪೇಟೆಂಟ್ ಅಡ್ಡವಾಗಿತ್ತು. 2009ರಲ್ಲಿ ವಿಜ್ಞಾನಿಗಳ ಸಂಘಗಳೂ ಕೆಲವು ಹೆಂಗಸರೂ ಕೂಡಿ ಮೊಕದ್ದಮೆ ಹೂಡಿದರು. 2013ರ ಮೇ ತಿಂಗಳಲ್ಲಿ ನಟಿ ಆಂಜೆಲಿನಾ ಜೋಲಿ ತನ್ನ ತಾಯಿಯ ಸಾವು, ತನ್ನ ಬಿಆರ್‌ಸಿಎ1 ದೋಷ, ತಾನು ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯ ಬಗ್ಗೆ ಪತ್ರಿಕೆಯಲ್ಲಿ ಬರೆದಾಗ ಜಗತ್ತೆಲ್ಲ ಓದಿತು. ಮರುತಿಂಗಳು, ಜೂನ್ 13ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಪ್ರಯೋಗಾಲಯದಲ್ಲಿ ಕಟ್ಟಿದ ಡಿಎನ್ಎಗೆ ಪೇಟೆಂಟ್ ಸಲ್ಲಬಹುದು. ನಿಸರ್ಗದಲ್ಲಿ ಇರುವ ವಂಶವಾಹಿಯನ್ನು ಬೇರ್ಪಡಿಸಿದ ಮಾತ್ರಕ್ಕೆ ಅದು ಯಾರ ಸ್ವತ್ತೂ ಆಗುವುದಿಲ್ಲ. ಅಂದೇ ಬೇರೆ ಪ್ರಯೋಗಾಲಯಗಳು ಪರೀಕ್ಷೆ ಶುರುಮಾಡುವುದಾಗಿ ಸಾರಿದವು.

2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಬಿಆರ್‌ಸಿಎ1 ದೋಷವಿರುವ ಹೆಂಗಸಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಶೇಕಡಾ 72, ಅಂಡಾಶಯದ ಕ್ಯಾನ್ಸರಿಗೆ ಶೇಕಡಾ 44. ಬಿಆರ್‌ಸಿಎ2 ಆದರೆ ಶೇಕಡಾ 69 ಮತ್ತು 17. ಸಂಭವ ಎಂದರೆ ಹಣೆಬರಹವಲ್ಲ. ಮೊದಲೇ ತಿಳಿದರೆ ತಪಾಸಣೆಗೆ, ಚಿಕಿತ್ಸೆಗೆ, ಯೋಚಿಸಿ ತೀರ್ಮಾನಿಸುವುದಕ್ಕೆ ಸಮಯವಿರುತ್ತದೆ. ಮೊದಲೇ ತಿಳಿಯುವುದಕ್ಕೆ ಇಂದಿಗೂ ಮೊದಲ ಮೆಟ್ಟಿಲು ವಂಶದ ನಕ್ಷೆಯೇ.

ಆ ನಕ್ಷೆಯನ್ನು ನಾವು ಅರ್ಧವಷ್ಟೇ ಬರೆಯುತ್ತೇವೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯ ದಾರಿಯಲ್ಲೇ ನಡೆದು ತಾಯಿಯ ಕಡೆಯವರನ್ನಷ್ಟೇ ಎಣಿಸುತ್ತೇವೆ. ದೋಷವುಳ್ಳ ಪ್ರತಿಯನ್ನು ಮಗುವಿಗೆ ದಾಟಿಸುವ ಸಂಭವ ತಾಯಿಗೂ ತಂದೆಗೂ ಒಂದೇ, ಅರ್ಧಕ್ಕರ್ಧ. ತಂದೆಗೆ ಕಾಯಿಲೆ ಬರದೆ ಹೋಗಬಹುದು. ನಕ್ಷೆಯಲ್ಲಿ ಅವನ ಚೌಕ ಬಿಳಿಯಾಗಿಯೇ ಇದ್ದು, ಅದರ ಕೆಳಗಿನ ವೃತ್ತ ಕಪ್ಪಾಗಬಹುದು. ಆ ಬಿಳಿ ಚೌಕದ ಅಕ್ಕಪಕ್ಕ ಅವನ ಅಕ್ಕತಂಗಿಯರಿರುತ್ತಾರೆ. ‘ಏನೋ ಹೊಟ್ಟೆಯಲ್ಲಿ ಗಡ್ಡೆಯಾಗಿ ಹೋದಳು’ ಎಂದು ಮನೆಯಲ್ಲಿ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ ಸೋದರತ್ತೆಗೆ ಆಗ ವಯಸ್ಸೆಷ್ಟಿತ್ತು ಎಂಬುದು ಹಿರಿಯರಲ್ಲಿ ಯಾರಿಗಾದರೂ ನೆನಪಿರುತ್ತದೆ. ಅವರು ಇರುವಾಗಲೇ ಕೇಳಿಕೊಳ್ಳಬೇಕು.