ಎಲ್ಲೂ ಓಡದ ರೈಲುಗಳ ಬಣ್ಣ

"ಡಾಕ್ಟ್ರೇ, ಈ ಸಲ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ" ಎಂದು ಸಂಪಾದಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಹೊಯ್ಸಳರೋ ವಿಜಯನಗರವೋ ಇರಬೇಕು. ನಾನು ಬರೆಯಹೊರಟಿರುವುದು ಆಟಿಕೆ ರೈಲು ಎಂಜಿನ್‌ಗಳ ಇತಿಹಾಸ. ಅದರಲ್ಲೂ, ನಿಜವಾದ ಯಾವ ರೈಲ್ವೆಯೂ ಬಳಿಯದಂಥ ಬಣ್ಣ ಹಚ್ಚಿಕೊಂಡ ಎಂಜಿನ್‌ಗಳದ್ದು. ಓದುಗರು ದಯವಿಟ್ಟು ಪುಟ ಮಗುಚಬೇಡಿ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ನಮಗೂ ಇದಕ್ಕೂ ಸಂಬಂಧವಿದೆ.

ಮಾದರಿ ರೈಲಿನ ಲೋಕದಲ್ಲೂ ಮಡಿವಂತರಿದ್ದಾರೆ. ನಿಜವಾದ ಎಂಜಿನ್‌ನ 87ನೇ ಒಂದು ಪಾಲಿನ ಅಳತೆಯಲ್ಲಿ ಮಾಡಿದ ಮಾದರಿಯನ್ನು ಎಚ್‌ಓ ಎನ್ನುತ್ತಾರೆ. 160ನೇ ಒಂದು ಪಾಲಿನದು ಎನ್. 48ನೇ ಒಂದು ಪಾಲಿನದು ಓ. ಈ ಮಡಿವಂತರು ಇಷ್ಟು ಪುಟ್ಟ ಎಂಜಿನ್ ಮೇಲಿನ ರಿವೆಟ್‌ಗಳನ್ನೂ ಎಣಿಸಿ, ಒಂದು ಕಡಿಮೆಯಾದರೂ ಮುಖ ಸಿಂಡರಿಸುತ್ತಾರೆ. ಇಂಥ ವರ್ಷದಲ್ಲಿ, ಇಂಥ ಮಾರ್ಗದಲ್ಲಿ ಆ ಬಣ್ಣ ಇತ್ತೇ ಎಂಬುದೇ ಅವರ ಪ್ರಶ್ನೆ. ಇನ್ನೊಂದು ಪಂಗಡ ನಮ್ಮದು. "ಇರಲಿಲ್ಲ ನಿಜ, ಇದ್ದಿದ್ದರೆ ಹೇಗಿರುತ್ತಿತ್ತು?" ಎಂಬುದು ನಮ್ಮ ಪ್ರಶ್ನೆ. ಇಂಥ ಎಂಜಿನ್‌ಗಳನ್ನು ಸಂಗ್ರಾಹಕರು ಫ್ಯಾಂಟಸಿ ಸ್ಕೀಮ್ ಎಂದು ಕರೆಯುತ್ತಾರೆ. ನಾವು ಕನಸಿನ ಬಣ್ಣ ಎನ್ನೋಣ.

ಮೊದಲು ಒಂದು ಮಾತು. ಉಗಿಬಂಡಿಗಳ ಕಾಲದಲ್ಲಿ ಅಮೆರಿಕಾದ ಎಂಜಿನ್‌ಗಳು ಹೆಚ್ಚಾಗಿ ಕಪ್ಪಗೇ ಇದ್ದವು. ಹೊಗೆ, ಮಸಿ, ಎಣ್ಣೆ ಯಾವುದೂ ಕಪ್ಪಿನ ಮೇಲೆ ಎದ್ದು ಕಾಣುವುದಿಲ್ಲ. ಸದರ್ನ್ ಪೆಸಿಫಿಕ್ ಕಂಪೆನಿ 1956ರಲ್ಲಿ ಆಸ್ಟಿನ್ ನಗರಕ್ಕೆ ಉಡುಗೊರೆಯಾಗಿ ಕೊಟ್ಟ 786 ನಂಬರಿನ ಉಗಿಬಂಡಿ ಅಂಥದ್ದು. ಅದು ದಶಕಗಳ ಕಾಲ ಪ್ರದರ್ಶನಕ್ಕೆ ನಿಂತಿದ್ದು, ಆಮೇಲೆ ದುರಸ್ತಿಯಾಗಿ 1990ರ ದಶಕದಲ್ಲಿ ಮತ್ತೆ ಕೆಲವು ವರ್ಷ ಓಡಿತು. ಡೀಸೆಲ್ ಎಂಜಿನ್‌ಗಳು ಬಂದಮೇಲೆ ಮಸಿಯ ಕಾಟ ತಗ್ಗಿತು, ಕಂಪೆನಿಗಳಿಗೆ ಬಣ್ಣದ ಹುಚ್ಚು ಹತ್ತಿತು.

ಆದರೆ ಆಟಿಕೆಗಳಿಗೆ ಅದಕ್ಕೆ ಎಷ್ಟೋ ಮೊದಲೇ ಬಣ್ಣ ಬಂದಿತ್ತು. ಜೋಶುವಾ ಲಯನೆಲ್ ಕೋವೆನ್ ಎಂಬಾತ 1900ರಲ್ಲಿ ನ್ಯೂಯಾರ್ಕ್‌ನಲ್ಲಿ ಲಯನೆಲ್ ಕಂಪೆನಿ ಆರಂಭಿಸಿದ. ಅವನ ಮೊದಲ ವಿದ್ಯುತ್ ಬಂಡಿ ಆಟಿಕೆಯೇ ಅಲ್ಲ. ಅಂಗಡಿಯ ಕಿಟಕಿಯಲ್ಲಿ ಸುತ್ತುತ್ತಾ ಗಿರಾಕಿಗಳನ್ನು ಸೆಳೆಯುವ ಸಾಧನ. ಜನ ಒಳಗಿನ ಸಾಮಾನು ಬಿಟ್ಟು ಆ ಬಂಡಿಯನ್ನೇ ಕೊಡಿ ಎಂದರು! 1920ರ ದಶಕದ ಲಯನೆಲ್ ತಗಡಿನ ಎಂಜಿನ್‌ಗಳಿಗೆ ನವಿಲು ನೀಲಿ, ಎಲೆ ಹಸಿರು, ಇಟ್ಟಿಗೆ ಕೆಂಪು, ಹಿತ್ತಾಳೆ ಅಂಚು. ನಿಜವಾದ ಹಳಿಯ ಮೇಲೆ ಕಾಣದ ಆ ಬಣ್ಣಗಳನ್ನು ನೋಡಿದರೆ ನಮ್ಮ ಹಬ್ಬದ ಸೀರೆಗಳ ನೆನಪಾಗುತ್ತದೆ.

ಈ ಇತಿಹಾಸದಲ್ಲಿ ಬಹಳ ಹೆಸರಾದದ್ದು 1957ರ ಗುಲಾಬಿ ರೈಲು. ಹುಡುಗಿಯರಿಗೂ ರೈಲು ಮಾರಬೇಕೆಂದು ಲಯನೆಲ್ ಯೋಚಿಸಿತು. ಒಳ್ಳೆಯ ಯೋಚನೆಯೇ. ಆದರೆ ಎಂಜಿನ್‌ಗೆ ಗುಲಾಬಿ, ಡಬ್ಬಿಗಳಿಗೆ ತಿಳಿನೀಲಿ, ನೇರಳೆ, ತಿಳಿಹಳದಿ ಬಳಿದರೆ ಸಾಕು, ಹುಡುಗಿಯರು ಮುಗಿಬೀಳುತ್ತಾರೆ ಎಂದುಕೊಂಡಿತು. ಹುಡುಗಿಯರಿಗೆ ಬೇಕಾಗಿದ್ದದ್ದು ಅಣ್ಣತಮ್ಮಂದಿರ ಬಳಿ ಇದ್ದಂಥ ಕಪ್ಪು ಎಂಜಿನ್. ರೈಲು ಮಾರಾಟವಾಗಲಿಲ್ಲ. ಕೆಲವು ಅಂಗಡಿಯವರು ಉಳಿದವಕ್ಕೆ ಕಪ್ಪು ಬಳಿದು ಮಾರಿದರೆಂದು ಹೇಳುತ್ತಾರೆ. ಅಂದು ಯಾರಿಗೂ ಬೇಡವಾದದ್ದರಿಂದಲೇ ಇಂದು ಪೆಟ್ಟಿಗೆ ಸಮೇತ ಸಿಕ್ಕುವ ಅಸಲಿ ಗುಲಾಬಿ ರೈಲಿಗೆ ದೊಡ್ಡ ಬೆಲೆ. ನಮ್ಮ ಹೆಣ್ಣುಮಕ್ಕಳಿಗೆ ಈ ಕಥೆ ಹೇಳಿ. ಅವರಿಗೆ ಏನು ಬೇಕೆಂದು ಅವರನ್ನೇ ಕೇಳುವುದು ಒಳ್ಳೆಯದೆಂದು ಒಂದು ದೊಡ್ಡ ಕಂಪೆನಿ ನಷ್ಟಪಟ್ಟು ಕಲಿತ ಪಾಠ ಅದು.

1970ರಿಂದ ಲಯನೆಲ್ ರೈಲುಗಳನ್ನು ತಯಾರಿಸಿದ್ದು ಜನರಲ್ ಮಿಲ್ಸ್. ಹೌದು, ನಮ್ಮ ಮಕ್ಕಳ ಬೆಳಗಿನ ಚೀರಿಯೋಸ್ ಮಾಡುವ ಕಂಪೆನಿಯೇ. ಅಲ್ಲಿಂದ ಕನಸಿನ ಬಣ್ಣಗಳಿಗೆ ಮಹಾಪೂರ ಬಂತು. ಇದರ ಗುಟ್ಟು ಸರಳ. ಎಂಜಿನ್‌ನ ಪ್ಲಾಸ್ಟಿಕ್ ಮೈ ಎರಕ ಹೊಯ್ಯುವ ಅಚ್ಚಿಗೆ ತುಂಬಾ ಖರ್ಚು. ಅದೇ ಮೈಗೆ ಬೇರೆ ಬಣ್ಣ ಹಚ್ಚಲು ಕಡಿಮೆ ಖರ್ಚು. ಒಂದೇ ಅಚ್ಚಿನಿಂದ ಹತ್ತಾರು ಎಂಜಿನ್ ಮಾಡಬಹುದು, ಸಂಗ್ರಾಹಕ ಹತ್ತಾರನ್ನೂ ಕೊಳ್ಳುತ್ತಾನೆ. ಕ್ರಿಸ್‌ಮಸ್ ಎಂಜಿನ್, ಸೋಡಾ ಕಂಪೆನಿಯ ಎಂಜಿನ್, ಬೇಸ್‌ಬಾಲ್ ತಂಡದ ಎಂಜಿನ್ ಎಲ್ಲ ಹುಟ್ಟಿದ್ದು ಈ ಲೆಕ್ಕಾಚಾರದಿಂದ. ಇವುಗಳಲ್ಲಿ ಬಹುಪಾಲು ಬರೀ ವ್ಯಾಪಾರ ಎಂದು ನಾನೂ ಒಪ್ಪುತ್ತೇನೆ.

ಆದರೆ ಕೆಲವು ಕನಸಿನ ಬಣ್ಣಗಳ ಹಿಂದೆ ವ್ಯಾಪಾರಕ್ಕಿಂತ ದೊಡ್ಡ ಸಂಗತಿಯಿದೆ. ಆಗಬೇಕಿದ್ದು ಆಗದೆ ಹೋದದ್ದಕ್ಕೂ ಒಂದು ಇತಿಹಾಸವಿದೆ, ಅದನ್ನು ಪುಸ್ತಕಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ಆ ಇತಿಹಾಸ ಉಳಿದಿರುವುದು ಇಂಥ ಎಂಜಿನ್‌ಗಳ ಮೈಮೇಲೆ.

ನಮ್ಮ ಟೆಕ್ಸಾಸ್‌ಗೆ ಸೇರಿದ ಉದಾಹರಣೆಯನ್ನೇ ನೋಡೋಣ. ಸಾಂಟಾ ಫೆ ಮತ್ತು ಸದರ್ನ್ ಪೆಸಿಫಿಕ್ ಎಂಬ ಎರಡು ದೊಡ್ಡ ರೈಲ್ವೆಗಳು ಈ ರಾಜ್ಯದಲ್ಲಿ ಓಡಾಡುತ್ತಿದ್ದವು. ಅವೆರಡರ ಮಾತೃಸಂಸ್ಥೆಗಳು 1983ರಲ್ಲಿ ಒಂದಾದವು. ರೈಲ್ವೆಗಳೂ ಒಂದಾಗಲು ಸರ್ಕಾರಿ ಆಯೋಗದ ಅನುಮತಿ ಬೇಕಿತ್ತು. ಅನುಮತಿ ಬಂದೇ ಬರುತ್ತದೆಂಬ ಭರವಸೆಯಲ್ಲಿ ಎರಡೂ ಕಡೆಯ ನೂರಾರು ಎಂಜಿನ್‌ಗಳಿಗೆ ಕೆಂಪು, ಹಳದಿ, ಕಪ್ಪಿನ ಹೊಸ ಬಣ್ಣ ಬಳಿಯಲಾಯಿತು. ಫಿಲ್ಮಿನ ಡಬ್ಬಿಯನ್ನು ಹೋಲುವುದರಿಂದ ಅದಕ್ಕೆ ಕೊಡಾಕ್ರೋಮ್ ಎಂದು ಹೆಸರು ಬಿತ್ತು. ತಮಾಷೆಯೆಂದರೆ, ಒಂದು ಕಡೆಯ ಎಂಜಿನ್‌ಗಳ ಮೇಲೆ ಎಸ್‌ಪಿ ಎಂದಷ್ಟೇ ಬರೆದು ಪಕ್ಕದಲ್ಲಿ ಖಾಲಿ ಜಾಗ ಬಿಟ್ಟರು. ಇನ್ನೊಂದು ಕಡೆಯವುಗಳ ಮೇಲೆ ಎಸ್‌ಎಫ್ ಎಂದು ಬರೆದು ಅದರ ಹಿಂದೆ ಜಾಗ ಬಿಟ್ಟರು. ಅನುಮತಿ ಬಂದ ದಿನ ಉಳಿದೆರಡು ಅಕ್ಷರ ಸೇರಿಸಿದರಾಯಿತು! 1986ರ ಜುಲೈನಲ್ಲಿ ಆಯೋಗ ವಿಲೀನವನ್ನು ತಿರಸ್ಕರಿಸಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತಾಯಿತು. ಖಾಲಿ ಜಾಗ ಖಾಲಿಯಾಗಿಯೇ ಉಳಿದ ಎಂಜಿನ್‌ಗಳು ವರ್ಷಗಟ್ಟಲೆ ಓಡಾಡಿದವು. ಮಾದರಿ ತಯಾರಕರು ಮಾತ್ರ ನಾಲ್ಕೂ ಅಕ್ಷರ ಬರೆದ ಎಂಜಿನ್‌ಗಳನ್ನು ಮಾರುಕಟ್ಟೆಗೆ ಬಿಟ್ಟರು. ಹುಟ್ಟದ ಆ ರೈಲ್ವೆ ಇಂದಿಗೂ ಎಷ್ಟೋ ಮನೆಗಳ ಮೇಜಿನ ಮೇಲೆ ಓಡುತ್ತಿದೆ.

ಸದರ್ನ್ ಪೆಸಿಫಿಕ್ ಮುಂದೆ 1996ರಲ್ಲಿ ಯೂನಿಯನ್ ಪೆಸಿಫಿಕ್‌ನ ಹೊಟ್ಟೆ ಸೇರಿತು. ಟೆಕ್ಸಾಸ್‌ನ ಜನ ಪ್ರೀತಿಯಿಂದ ಕೇಟಿ ಎಂದು ಕರೆಯುತ್ತಿದ್ದ ರೈಲ್ವೆ 1988ರಲ್ಲೇ ಅದೇ ಹೊಟ್ಟೆಗೆ ಹೋಗಿತ್ತು. ಅನಂತರ ಯೂನಿಯನ್ ಪೆಸಿಫಿಕ್, ತಾನು ನುಂಗಿದ ರೈಲ್ವೆಗಳ ಲಾಂಛನ ಬಳಸುವ ಮಾದರಿ ತಯಾರಕರೂ ಲೈಸೆನ್ಸ್ ಶುಲ್ಕ ಕೊಡಬೇಕೆಂದು ಪಟ್ಟುಹಿಡಿದು, 2004ರಲ್ಲಿ ಅಥರ್ನ್ ಮತ್ತು ಲಯನೆಲ್ ಕಂಪೆನಿಗಳ ಮೇಲೆ ದಾವೆ ಹೂಡಿತು. ನಿಜವಾದ ಇತಿಹಾಸವನ್ನು ಬಳಿಯಲು ಕಪ್ಪ, ಕನಸನ್ನು ಬಳಿಯಲು ಪುಕ್ಕಟೆ ಎಂಬ ವಿಚಿತ್ರ ಪರಿಸ್ಥಿತಿ! 2006ರಲ್ಲಿ ಎಂಟಿಎಚ್ ಎಂಬ ಮಾದರಿ ಕಂಪೆನಿಯೊಡನೆ ರಾಜಿಯಾಗಿ ಶುಲ್ಕದ ಗಲಾಟೆ ಮುಗಿಯಿತು.

ಅದೇ ಹೊತ್ತಿನಲ್ಲಿ ಆ ರೈಲ್ವೆ ನಮ್ಮಂಥವರ ಹುಚ್ಚನ್ನು ತಾನೇ ಹಚ್ಚಿಕೊಂಡದ್ದು ಸ್ವಾರಸ್ಯ. 2005-06ರಲ್ಲಿ ಅದು ತನ್ನ ಆರು ಹೊಚ್ಚಹೊಸ ಎಂಜಿನ್‌ಗಳಿಗೆ, ಇಲ್ಲವಾದ ಆರು ರೈಲ್ವೆಗಳ ನೆನಪಿನ ಬಣ್ಣ ಬಳಿಸಿತು. ಕೇಟಿಯ ನೆನಪಿನ ಎಂಜಿನ್‌ಗೆ ನಂಬರು 1988, ಅಂದರೆ ಅದು ಇಲ್ಲವಾದ ವರ್ಷ. ಆ ಮಾದರಿಯ ಎಂಜಿನ್ ಕೇಟಿ ಬದುಕಿದ್ದಾಗ ಇರಲೇ ಇಲ್ಲ. ಮಡಿವಂತರ ಲೆಕ್ಕದಲ್ಲಿ ಅದೂ ಶುದ್ಧ ಕಲ್ಪನೆ. ವ್ಯತ್ಯಾಸವೆಂದರೆ ಈ ಕಲ್ಪನೆಯ ತೂಕ ಸುಮಾರು 200 ಟನ್.

ಇನ್ನೊಂದು ಎಂಜಿನ್ ಅನ್ನು ಹ್ಯೂಸ್ಟನ್‌ನವರು ಮರೆಯುವಂತಿಲ್ಲ. 2005ರ ಅಕ್ಟೋಬರ್‌ನಲ್ಲಿ, 41ನೇ ರಾಷ್ಟ್ರಪತಿ ಹಿರಿಯ ಜಾರ್ಜ್ ಬುಷ್ ಅವರ ಗೌರವಾರ್ಥ ಯೂನಿಯನ್ ಪೆಸಿಫಿಕ್ ಒಂದು ಎಂಜಿನ್‌ಗೆ 4141 ಎಂದು ನಂಬರು ಕೊಟ್ಟು, ರಾಷ್ಟ್ರಪತಿಗಳ ವಿಮಾನದ ಬಿಳಿ-ನೀಲಿ ಬಣ್ಣ ಬಳಿಸಿ ಕಾಲೇಜ್ ಸ್ಟೇಷನ್‌ನಲ್ಲಿ ಅನಾವರಣ ಮಾಡಿತು. ರೈಲಿಗೆ ವಿಮಾನದ ಬಣ್ಣ! ಒಬ್ಬ ಹವ್ಯಾಸಿ ಮನೆಯಲ್ಲಿ ಹಾಗೆ ಬಳಿದಿದ್ದರೆ ಮಡಿವಂತರು ನಕ್ಕುಬಿಡುತ್ತಿದ್ದರು. ಬುಷ್ ಅಂದು ಸ್ವಲ್ಪ ದೂರ ಅದನ್ನು ತಾವೇ ಓಡಿಸಿದರು. 2018ರ ಡಿಸೆಂಬರ್ 6ರಂದು ಅದೇ ಎಂಜಿನ್ ಅವರ ಪಾರ್ಥಿವ ಶರೀರವನ್ನು ಹ್ಯೂಸ್ಟನ್ ಬಳಿಯ ಸ್ಪ್ರಿಂಗ್‌ನಿಂದ ಕಾಲೇಜ್ ಸ್ಟೇಷನ್‌ಗೆ, ಸುಮಾರು 70 ಮೈಲಿ, ಒಯ್ದಿತು. ಹಳಿಯ ಇಕ್ಕೆಲದಲ್ಲೂ ಜನ ನಿಂತು ಕೈಮುಗಿದರು, ಧ್ವಜ ಹಿಡಿದರು. ಆ ದಿನ ಆ ಬಣ್ಣ ತಮಾಷೆಯಾಗಿ ಯಾರಿಗೂ ಕಾಣಲಿಲ್ಲ. 2024ರಿಂದ ಆ ಎಂಜಿನ್ ಅಲ್ಲಿನ ಬುಷ್ ಗ್ರಂಥಾಲಯದ ಆವರಣದಲ್ಲಿದೆ.

ಈಗ ಸ್ವಲ್ಪ ನಮ್ಮೂರ ಕಡೆ ಬನ್ನಿ. ಕನಸಿನ ಬಣ್ಣದ ಎಂಜಿನ್ ನಮಗೆ ಹೊಸದೇ? ಬೆಂಗಳೂರು-ಮೈಸೂರು ರೈಲಿನಲ್ಲಿ ಹೋದವರು ರಾಮನಗರ ದಾಟಿದ ಮೇಲೆ ಚನ್ನಪಟ್ಟಣದ ಆಟಿಕೆಗಳನ್ನು ಕೊಳ್ಳದೆ ಬಂದದ್ದುಂಟೇ? ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಮೇಲೆ ಗರಿಯಿಂದ ಉಜ್ಜಿದರೆ ಫಳಫಳ ಹೊಳಪು. ಅಲ್ಲಿನ ಕುಶಲಿಗಳು ಮಾಡುವ ಪುಟ್ಟ ರೈಲಿಗೆ ಕೆಂಪು ಬಾಯ್ಲರ್, ಹಳದಿ ಚಿಮಣಿ, ಹಸಿರು ಗಾಲಿ. ಅವರ ಅಂಗಡಿಯ ಪಕ್ಕದಲ್ಲೇ ಹೋಗುತ್ತಿದ್ದ ಮೀಟರ್ ಗೇಜ್ ಉಗಿಬಂಡಿ ಕಪ್ಪಗಿದ್ದದ್ದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಗುವಿನ ಕೈಗೆ ಕೊಡುವ ರೈಲು ಹಾಗಿರಬೇಕಿಲ್ಲ ಎಂಬುದೂ ಗೊತ್ತಿತ್ತು. ನನ್ನ ಸಂಗ್ರಹದ ಮೊದಲ ಎಂಜಿನ್ ಯಾವುದೆಂದು ಯಾರಾದರೂ ಕೇಳಿದರೆ ನಾನು ಲಯನೆಲ್ ತೋರಿಸುವುದಿಲ್ಲ. ನಮ್ಮ ತಾಯಿ ಸೂಟ್‌ಕೇಸಿನಲ್ಲಿ ಇಟ್ಟು ಕಳಿಸಿದ ಚನ್ನಪಟ್ಟಣದ ಎಂಜಿನ್ ತೋರಿಸುತ್ತೇನೆ.

ಕೇಟಿಯಂತೆ ಇಲ್ಲವಾದ ರೈಲ್ವೆ ನಮಗೂ ಇದೆ. ಮೈಸೂರು ಸ್ಟೇಟ್ ರೈಲ್ವೆ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ 2003ರಲ್ಲಿ ಕೆಲಸ ಆರಂಭಿಸಿತು. 2008ರಲ್ಲಿ ನೇರಳೆ-ಚಿನ್ನದ ಬಣ್ಣದ ಗೋಲ್ಡನ್ ಚಾರಿಯಟ್ ಹೊರಟಿತು. ಅದರ ಹೆಸರು ಹಂಪಿಯ ಕಲ್ಲಿನ ರಥದ್ದು, ಬೋಗಿಗಳಿಗೆ ಕದಂಬ, ಗಂಗ, ಹೊಯ್ಸಳ ಎಂದು ರಾಜವಂಶಗಳ ಹೆಸರು. ಇದನ್ನೆಲ್ಲ ಯೋಚಿಸುತ್ತಾ ನಾನು ಒಂದು ಚಳಿಗಾಲ ಹಳೆಯ ಎಚ್‌ಓ ಡೀಸೆಲ್ ಎಂಜಿನ್‌ಗೆ ಅರಿಸಿನ-ಕುಂಕುಮದ ಬಣ್ಣ ಬಳಿದು, ಮೂತಿಯ ಮೇಲೆ ಗಂಡಭೇರುಂಡ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಮೈಸೂರು ಸ್ಟೇಟ್ ರೈಲ್ವೆ ಎಂದು ಬರೆದೆ. ಇಲ್ಲಿನ ರೈಲು ಮೇಳದಲ್ಲಿ ಹಿರಿಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಈ ರೈಲು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿದರು. ಇದು ಓಡಲೇ ಇಲ್ಲ, ಓಡುವಷ್ಟು ದಿನ ಆ ರೈಲ್ವೆ ಉಳಿಯಲಿಲ್ಲ ಎಂದೆ. ಅವರು ಕೇಟಿಯಲ್ಲಿ ಕೆಲಸ ಮಾಡಿದ್ದವರಂತೆ. "ಅರ್ಥವಾಯಿತು" ಎಂದಷ್ಟೇ ಹೇಳಿ ಎಂಜಿನ್ ಅನ್ನು ಮೆಲ್ಲಗೆ ಹಳಿಯ ಮೇಲಿಟ್ಟರು.

ಕೊನೆಗೆ ಡಲ್ಲಾಸ್-ಹ್ಯೂಸ್ಟನ್ ಮಾತು. ಯುಗಾದಿಗೆ, ರಾಜ್ಯೋತ್ಸವಕ್ಕೆ ಅಲ್ಲಿಂದಿಲ್ಲಿಗೆ ಐ-45 ಹೆದ್ದಾರಿಯಲ್ಲಿ ನಾಲ್ಕು ಗಂಟೆ ಕಾರು ಓಡಿಸಿ ಸೊಂಟ ಹಿಡಿಸಿಕೊಂಡು ನನ್ನ ಬಳಿ ಮಾತ್ರೆ ಕೇಳಿದವರು ಸಂಘದಲ್ಲಿ ಬಹಳ ಜನ. ಈ ಎರಡು ಊರುಗಳ ನಡುವೆ 1936ರಿಂದ ಸ್ಯಾಮ್ ಹ್ಯೂಸ್ಟನ್ ಜೆಫರ್ ಎಂಬ ಬೆಳ್ಳಿಯಂತೆ ಹೊಳೆಯುವ ರೈಲು ಓಡುತ್ತಿತ್ತು. 1937ರಲ್ಲಿ ಅದಕ್ಕೆ ಪೈಪೋಟಿಯಾಗಿ ಕೆಂಪು-ಕಿತ್ತಳೆ ಬಣ್ಣದ ಸನ್‌ಬೀಮ್ ಬಂತು. ಆ ದೂರವನ್ನು 265 ನಿಮಿಷದಲ್ಲಿ ಮುಟ್ಟುತ್ತೇವೆ ಎಂಬುದು ಅದರ ಹೆಮ್ಮೆ. ಸನ್‌ಬೀಮ್ 1955ರಲ್ಲಿ ನಿಂತಿತು. ಆಮ್‌ಟ್ರಾಕ್‌ನ ನೇರ ರೈಲೂ 1995ರಲ್ಲಿ ನಿಂತಿತು. ಅನಂತರ ಟೆಕ್ಸಾಸ್ ಸೆಂಟ್ರಲ್ ಎಂಬ ಕಂಪೆನಿ ಜಪಾನಿನ ಬುಲೆಟ್ ರೈಲು ತಂದು 90 ನಿಮಿಷದಲ್ಲಿ ಮುಟ್ಟಿಸುತ್ತೇವೆ ಎಂದಿತು. ಜಮೀನು ಸ್ವಾಧೀನದ ವ್ಯಾಜ್ಯದಲ್ಲಿ 2022ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಕಂಪೆನಿಯ ಪರ ತೀರ್ಪು ಕೊಟ್ಟರೂ ಹಳಿ ಬೀಳಲಿಲ್ಲ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ಯೋಜನೆಗೆ ಕೊಟ್ಟಿದ್ದ ಸುಮಾರು 6 ಕೋಟಿ 39 ಲಕ್ಷ ಡಾಲರ್ ಅನುದಾನವನ್ನೂ ರದ್ದುಮಾಡಿತು. ಹೀಗಾಗಿ ಡಲ್ಲಾಸ್-ಹ್ಯೂಸ್ಟನ್ ಬುಲೆಟ್ ರೈಲು ಓಡುತ್ತಿರುವುದು ಸದ್ಯಕ್ಕೆ ನನ್ನ ಗ್ಯಾರೇಜಿನಲ್ಲಿ ಮಾತ್ರ. ಅದರ ಮೇಲೆ ಟೆಕ್ಸಾಸ್ ಧ್ವಜದ ಒಂಟಿ ನಕ್ಷತ್ರವನ್ನು ನನ್ನ ಮಗಳು ಬರೆದಿದ್ದಾಳೆ.

ಈ ಹವ್ಯಾಸ ಹಿಡಿಸಿಕೊಳ್ಳಬೇಕೆನ್ನುವವರಿಗೆ ವೈದ್ಯನಾಗಿ ಎರಡು ಸಲಹೆ. ಹಳೆಯ ತಗಡಿನ ರೈಲುಗಳ ಬಣ್ಣದಲ್ಲಿ ಸೀಸ ಇರಬಹುದು. ಮಕ್ಕಳ ಆಟಿಕೆಯಲ್ಲಿ ಸೀಸದ ಬಣ್ಣ ಇಲ್ಲಿ ನಿಷೇಧವಾದದ್ದು 1978ರಲ್ಲಿ. ಬಾಯಿಗಿಟ್ಟುಕೊಳ್ಳುವ ವಯಸ್ಸಿನ ಮಕ್ಕಳಿಗೆ ಅವನ್ನು ಕೊಡಬೇಡಿ. ಎರಡನೆಯದು, ಟೆಕ್ಸಾಸ್ ಬೇಸಿಗೆಯಲ್ಲಿ ಅಟ್ಟದ ಮೇಲೆ ಇಟ್ಟ ಪ್ಲಾಸ್ಟಿಕ್ ಎಂಜಿನ್ ಸೊಟ್ಟಗಾಗುತ್ತದೆ, ಕಿಟಕಿಯ ಬಿಸಿಲಿಗೆ ಇಟ್ಟದ್ದು ಬಣ್ಣಗೆಡುತ್ತದೆ. ತಂಪಾದ ಕೋಣೆಯ ಕಪಾಟೇ ಲೇಸು. ನಿಜವಾದ ಎಂಜಿನ್‌ಗಳನ್ನು ನೋಡಬೇಕೆನ್ನುವವರು ಫ್ರಿಸ್ಕೋದಲ್ಲಿರುವ ಅಮೆರಿಕನ್ ರೈಲ್‌ರೋಡ್ ಮ್ಯೂಸಿಯಂಗೆ ಹೋಗಿ. 2013ರಲ್ಲಿ ಡಲ್ಲಾಸ್‌ನ ಫೇರ್ ಪಾರ್ಕ್‌ನಿಂದ ಅಲ್ಲಿಗೆ ಸಾಗಿಸಿದ ಬಿಗ್ ಬಾಯ್ ಉಗಿಬಂಡಿಯ ಪಕ್ಕ ನಿಂತರೆ ದೊಡ್ಡವರೂ ಮಕ್ಕಳಾಗುತ್ತಾರೆ.

ಮುಂದಿನ ದೀಪಾವಳಿ ಕಾರ್ಯಕ್ರಮದಲ್ಲಿ ಊಟದ ಹಾಲ್‌ನ ಒಂದು ಮೂಲೆಯಲ್ಲಿ ಹಳಿ ಹಾಕಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಹತ್ತು ಬಿಳಿಯ ಡಬ್ಬಿಗಳು, ಬಣ್ಣ, ಕುಂಚ ನಾನು ತರುತ್ತೇನೆ. ಮಕ್ಕಳು ತಮ್ಮ ಅಜ್ಜಿಯ ಊರಿಗೆ ಹೋಗುವ ರೈಲು ಹೇಗಿರಬೇಕೋ ಹಾಗೆ ಬಣ್ಣ ಬಳಿಯಲಿ. ದೊಡ್ಡವರು ದಯವಿಟ್ಟು ತಿದ್ದಲು ಹೋಗಬೇಡಿ.