ತನ್ನ ಬರಹವನ್ನು ತಾನೇ ತಿದ್ದಿದ ಧರ್ಮಾಧ್ಯಕ್ಷ

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬುದು ನಮ್ಮ ಹಿರಿಯರು ಕಲಿಸಿದ ಎಚ್ಚರಿಕೆ. ಆಡಿದ ಮಾತನ್ನು ಕೇಳಿದವರು ಕಾಲಾಂತರದಲ್ಲಿ ಮರೆಯಲೂಬಹುದು. ಬರೆದ ಮಾತಿಗೆ ಆ ಮರೆವಿನ ಕೃಪೆಯೂ ಇಲ್ಲ. ಅದು ಕಾಗದದ ಮೇಲೆ ಕುಳಿತು, ನಾವು ಬದಲಾದ ಮೇಲೂ ತಾನು ಬದಲಾಗದೆ, ನಮ್ಮ ಹೆಸರಿನಲ್ಲೇ ಮಾತನಾಡುತ್ತಿರುತ್ತದೆ.

ಕೆಲವು ದಿನಗಳ ಹಿಂದೆ ಮನೆಯ ಕಪಾಟನ್ನು ಹಸನು ಮಾಡುವಾಗ ನಮ್ಮ ಧರ್ಮಕೇಂದ್ರದ ಹಳೆಯ ಸ್ಮರಣ ಸಂಚಿಕೆಯೊಂದು ಕೈಗೆ ಸಿಕ್ಕಿತು. ಅಗಲಿದ ನನ್ನ ಸೋದರತ್ತೆಯನ್ನು ಕುರಿತು ನಾನು ಬರೆದ ಒಂದು ಪುಟದ ಲೇಖನ ಅದರಲ್ಲಿತ್ತು. 'ತ್ಯಾಗಮೂರ್ತಿ', 'ಮಮತೆಯ ಕಡಲು', 'ಆರದ ನಂದಾದೀಪ' ಮುಂತಾದ ಪದಗಳು ಸಾಲುಗಟ್ಟಿ ನಿಂತಿದ್ದವು. ಓದಿ ಮುಗಿಸಿದಾಗ ನಾಚಿಕೆಯಾಯಿತು. ಆ ಪುಟದಲ್ಲಿ ಅಲಂಕಾರಕ್ಕೇನೂ ಕೊರತೆಯಿರಲಿಲ್ಲ. ಅತ್ತೆ ಮಾತ್ರ ಎಲ್ಲಿಯೂ ಕಾಣಿಸಲಿಲ್ಲ. ಯಾರದೋ ಹೆಸರನ್ನು ಅಲ್ಲಿ ಹಾಕಿದ್ದರೂ ಲೇಖನ ನಡೆದುಹೋಗುತ್ತಿತ್ತು.

ತಾನು ಬರೆದುದನ್ನು ತಾನೇ ಓದಿ ಹೀಗೆ ಸಂಕೋಚಪಡುವುದು ಹೊಸ ಸಂಗತಿಯಲ್ಲ. ಸುಮಾರು 1,600 ವರ್ಷಗಳ ಹಿಂದೆ ಉತ್ತರ ಆಫ್ರಿಕದ ಒಬ್ಬ ವೃದ್ಧ ಧರ್ಮಾಧ್ಯಕ್ಷರು ತಮ್ಮ ಜೀವಮಾನದ ಬರಹವನ್ನೆಲ್ಲ ಎದುರಿಗಿಟ್ಟುಕೊಂಡು, ಒಂದೊಂದು ಗ್ರಂಥದ ತಪ್ಪನ್ನೂ ಹೆಸರಿಟ್ಟು ಹೇಳಿ, ಅದನ್ನೇ ಒಂದು ಗ್ರಂಥವಾಗಿಸಿದರು. ಅವರೇ ಹಿಪ್ಪೋ ನಗರದ ಸಂತ ಅಗಸ್ಟೀನರು.

ಅಗಸ್ಟೀನರು ಕ್ರಿ.ಶ. 354ರಲ್ಲಿ ಇಂದಿನ ಅಲ್ಜೀರಿಯ ದೇಶದ ತಾಗಸ್ತೆ ಎಂಬ ಊರಿನಲ್ಲಿ ಜನಿಸಿದರು. ಮಾತುಗಾರಿಕೆಯೇ ಅವರ ವೃತ್ತಿಯಾಗಿತ್ತು. ಕಾರ್ತೇಜ್, ರೋಮ್ ಹಾಗೂ ಮಿಲಾನ್ ನಗರಗಳಲ್ಲಿ ಅವರು ವಾಗ್ಮಿತೆಯನ್ನು ಬೋಧಿಸಿದರು. 387ರ ಪಾಸ್ಖ ಹಬ್ಬದಲ್ಲಿ ಮಿಲಾನಿನ ಸಂತ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದು, 391ರಲ್ಲಿ ಹಿಪ್ಪೋವಿನಲ್ಲಿ ಗುರುವಾಗಿ, ಕೆಲವೇ ವರ್ಷಗಳಲ್ಲಿ ಅಲ್ಲಿಯ ಧರ್ಮಾಧ್ಯಕ್ಷರಾದರು. ಅಂದಿನಿಂದ ಪ್ರಬೋಧನೆ, ಪತ್ರ, ಗ್ರಂಥರಚನೆಗಳ ಜೊತೆಗೆ ಜನರ ವ್ಯಾಜ್ಯಗಳ ತೀರ್ಮಾನವೂ ಅವರ ಹೆಗಲೇರಿತು. ವಾರದಲ್ಲಿ ಐದು ದಿನ ತಮ್ಮನ್ನು ಪವಿತ್ರ ಗ್ರಂಥದ ಕೆಲಸಕ್ಕೆ ಬಿಟ್ಟುಕೊಡಬೇಕೆಂದು ಅವರು ಜನರನ್ನು ಕೇಳಿಕೊಂಡಿದ್ದುಂಟು. ಜನರು ಒಪ್ಪಿದರು, ಆದರೆ ಒಪ್ಪಂದ ಹೆಚ್ಚು ಕಾಲ ನಡೆಯಲಿಲ್ಲ.

ಕೊನೆಗೆ 426ರ ಸೆಪ್ಟೆಂಬರ್ 26ರಂದು, ತಮ್ಮ 71ನೆಯ ವಯಸ್ಸಿನಲ್ಲಿ, ಹಿಪ್ಪೋವಿನ ದೇವಾಲಯದಲ್ಲಿ ಜನರನ್ನು ಸೇರಿಸಿ, ಎರಾಕ್ಲಿಯಸ್ ಎಂಬ ಗುರುವನ್ನು ತಮ್ಮ ಉತ್ತರಾಧಿಕಾರಿಯೆಂದು ಸೂಚಿಸಿದರು. ಇನ್ನು ಮುಂದೆ ದಿನನಿತ್ಯದ ವ್ಯವಹಾರಗಳನ್ನು ಅವರ ಬಳಿಗೆ ಒಯ್ಯಿರೆಂದು ಬೇಡಿಕೊಂಡರು. ಅಂದಿನ ಸಭೆಯ ನಡಾವಳಿಯನ್ನು ಶೀಘ್ರಲಿಪಿಕಾರರು ಬರೆದಿಟ್ಟುಕೊಂಡರು. ಜನರು ಯಾವ ಜಯಘೋಷವನ್ನು ಎಷ್ಟು ಬಾರಿ ಕೂಗಿದರೆಂಬುದೂ ಅದರಲ್ಲಿ ದಾಖಲಾಗಿದೆ. ಇದೇ ಕಾಲದಲ್ಲಿ, 426-427ರಲ್ಲಿ, ಅಗಸ್ಟೀನರು ತಮ್ಮ ಗ್ರಂಥಗಳ ಮರುಪರಿಶೀಲನೆಗೆ ಕುಳಿತರು.

ಆ ಕೆಲಸದ ತೂಕ ನಮಗೆ ತಿಳಿಯಬೇಕಾದರೆ ಅಂದು ಪುಸ್ತಕಗಳು ಹೇಗೆ ಹುಟ್ಟುತ್ತಿದ್ದವು ಎಂಬುದನ್ನು ನೆನೆಯಬೇಕು. ಮುದ್ರಣಯಂತ್ರವಿಲ್ಲದ ಕಾಲ. ಗ್ರಂಥಕರ್ತನು ಹೇಳುತ್ತಾ ಹೋಗುವುದು, ಲಿಪಿಕಾರರು ಬರೆದುಕೊಳ್ಳುವುದು ವಾಡಿಕೆ. ಮೊದಲ ಕರಡಿಗೆ ಮೇಣ ಸವರಿದ ಹಲಗೆಗಳು ಬಳಕೆಯಲ್ಲಿದ್ದವು. ಬರೆಯುವ ಕಡ್ಡಿಯ ಒಂದು ತುದಿ ಚೂಪು, ಇನ್ನೊಂದು ತುದಿ ಚಪ್ಪಟೆ. ತಪ್ಪಾದಾಗ ಕಡ್ಡಿಯನ್ನು ತಿರುಗಿಸಿ ಮೇಣವನ್ನು ಸವರಿದರೆ ಅಕ್ಷರ ಅಳಿಯುತ್ತಿತ್ತು. ಓದಲು ಯೋಗ್ಯವಾದುದನ್ನು ಬರೆಯಬೇಕೆನ್ನುವವನು ಆ ಕಡ್ಡಿಯನ್ನು ಆಗಾಗ ತಿರುಗಿಸುತ್ತಿರಬೇಕೆಂದು ರೋಮನ್ ಕವಿ ಹೊರೇಸ್ ಬುದ್ಧಿ ಹೇಳಿದ್ದನು. ಆದರೆ ಗ್ರಂಥವು ಒಮ್ಮೆ ಕೈಬಿಟ್ಟು ಹೋಯಿತೆಂದರೆ ಈ ಅನುಕೂಲ ಮುಗಿಯಿತು. ಒಬ್ಬರ ಪ್ರತಿಯನ್ನು ನೋಡಿ ಮತ್ತೊಬ್ಬರು ನಕಲು ಮಾಡಿಕೊಳ್ಳುವರು. ಅದು ಕಡಲು ದಾಟಿ ಹೋಗುವುದು. ಅದನ್ನು ಹಿಂದಕ್ಕೆ ಕರೆಯುವುದು ಯಾರಿಂದಲೂ ಆಗದು.

ಅಗಸ್ಟೀನರಿಗೆ ಇದರ ಕಹಿ ಅನುಭವವಿತ್ತು. ಪವಿತ್ರ ತ್ರಿತ್ವವನ್ನು ಕುರಿತ ಮಹಾಗ್ರಂಥವನ್ನು ಅವರು ಯೌವನದಲ್ಲಿ ಆರಂಭಿಸಿ ವೃದ್ಧಾಪ್ಯದಲ್ಲಿ ಮುಗಿಸಿದರು. ಅದಿನ್ನೂ ಪೂರ್ಣವಾಗುವ ಮೊದಲೇ, ತಿದ್ದುಪಡಿಗೂ ಕಾಯದೆ, ಆತುರದ ಓದುಗರು ಅವರಿಗೆ ತಿಳಿಯದಂತೆ ಪ್ರತಿಯನ್ನು ಒಯ್ದು ಹಂಚಿಬಿಟ್ಟರು. ನೊಂದ ಅಗಸ್ಟೀನರು ಆ ಕೆಲಸವನ್ನೇ ಕೈಬಿಟ್ಟಿದ್ದರು. ಸಹೋದರರ ಒತ್ತಾಯಕ್ಕೆ ಮಣಿದು ಮತ್ತೆ ಕೈಗೆತ್ತಿಕೊಂಡು, ಸಾಧ್ಯವಾದಷ್ಟನ್ನು ತಿದ್ದಿ, ಪೂರ್ಣಗೊಳಿಸಿ, ಕಾರ್ತೇಜಿನ ಧರ್ಮಾಧ್ಯಕ್ಷ ಔರೇಲಿಯಸರಿಗೆ ಕಳುಹಿಸಿದರು.

412ರಲ್ಲಿ ಮಾರ್ಸೆಲ್ಲಿನಸ್ ಎಂಬ ಅಧಿಕಾರಿಗೆ ಬರೆದ ಪತ್ರವೊಂದರಲ್ಲೇ ಈ ಮರುಪರಿಶೀಲನೆಯ ಸಂಕಲ್ಪ ಕಾಣುತ್ತದೆ. ಬೆಳೆಯುತ್ತಾ ಬರೆಯುವವರ, ಬರೆಯುತ್ತಾ ಬೆಳೆಯುವವರ ಸಾಲಿಗೆ ಸೇರಲು ತಾವು ಯತ್ನಿಸುತ್ತಿರುವುದಾಗಿ ಅವರು ಅಲ್ಲಿ ಹೇಳಿಕೊಂಡರು. ತಮ್ಮ ಮೇಲಿನ ಪ್ರೀತಿಯಿಂದ ಮಿತ್ರರು ತಮ್ಮ ತಪ್ಪುಗಳನ್ನೂ ಸಮರ್ಥಿಸಹೊರಡುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಹಾಗೆ ಮಾಡುವ ಮಿತ್ರನು ಗೆಲ್ಲಲಾರದ ವ್ಯಾಜ್ಯವನ್ನು ಹೊತ್ತಂತೆ ಎಂಬುದು ಅವರ ಭಾವನೆ. ಸಂಕಲ್ಪ ಕೈಗೂಡಲು ಮತ್ತೆ ಹದಿನಾಲ್ಕು ವರ್ಷಗಳು ಬೇಕಾದವು.

ಹೀಗೆ ಸಿದ್ಧವಾದ ಗ್ರಂಥದ ಲ್ಯಾಟಿನ್ ಹೆಸರು 'ರೆಟ್ರಾಕ್ಟಾಸಿಯೋನೆಸ್'. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳುವುದು ಎಂಬಷ್ಟೇ ಅರ್ಥ ಅದಕ್ಕಿಲ್ಲ. ಮತ್ತೆ ಕೈಗೆತ್ತಿಕೊಂಡು ನೋಡುವುದು ಎಂಬುದು ಅದರ ಮೂಲಾರ್ಥ. ಎರಡು ಭಾಗಗಳ ಈ ಕೃತಿಯಲ್ಲಿ ಅವರು 93 ಕೃತಿಗಳನ್ನು, ಅಂದರೆ 232 ಪುಸ್ತಕಗಳನ್ನು, ಬರೆದ ಅನುಕ್ರಮದಲ್ಲೇ ವಿಚಾರಣೆಗೆ ತೆಗೆದುಕೊಂಡರು. ಆ ಕ್ರಮದಲ್ಲಿ ಓದಿದವರಿಗೆ ತಾವು ಹೇಗೆ ಮುಂದುವರಿದೆವೆಂಬುದು ತಿಳಿದೀತೆಂಬುದು ಅವರ ಆಶಯ. ಪ್ರತಿಯೊಂದು ಕೃತಿಯೂ ಯಾವ ಸಂದರ್ಭದಲ್ಲಿ ಹುಟ್ಟಿತು, ಅದರಲ್ಲಿ ಯಾವ ಮಾತು ಸಲ್ಲದು, ಯಾವ ಮಾತನ್ನು ಜನ ತಪ್ಪಾಗಿ ತಿಳಿದರು ಎಂಬುದನ್ನು ಹೇಳಿ, ಗುರುತಿಗಾಗಿ ಆ ಕೃತಿಯ ಮೊದಲ ಪದಗಳನ್ನು ಕೊಡುತ್ತಾರೆ. ನಮ್ಮನ್ನು ನಾವೇ ವಿಚಾರಿಸಿಕೊಂಡರೆ ತೀರ್ಪಿಗೆ ಗುರಿಯಾಗೆವು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಬುದ್ಧಿವಾದವೇ ಪೀಠಿಕೆಯಲ್ಲಿ ಅವರಿಗೆ ಆಧಾರ. ಅವರ ಮೇಜೇ ನ್ಯಾಯಾಲಯವಾಯಿತು. ನ್ಯಾಯಾಧೀಶರೂ ಅವರೇ, ಆರೋಪಿಯೂ ಅವರೇ.

ಈ ನ್ಯಾಯಾಲಯದಲ್ಲಿ ಸಣ್ಣ ಪದವೂ ತಪ್ಪಿಸಿಕೊಳ್ಳಲಿಲ್ಲ. 386ರ ಬರಹವೊಂದರಲ್ಲಿ 'ಅದೃಷ್ಟ' ಎಂಬರ್ಥದ ಪದವನ್ನು ಪದೇಪದೇ ಬಳಸಿದ್ದಕ್ಕೆ ಅವರು ವ್ಯಥೆಪಟ್ಟರು. ದೇವರ ಚಿತ್ತ ಎನ್ನಬೇಕಾದಲ್ಲಿ ಅದೃಷ್ಟ ಎನ್ನುವ ಕೆಟ್ಟ ರೂಢಿ ಜನರಲ್ಲಿ ಮೊದಲೇ ಇದೆ, ತಮ್ಮ ಲೇಖನಿ ಅದಕ್ಕೆ ಇಂಬುಕೊಡಬಾರದಿತ್ತು ಎಂದರು. ಅದೇ ಕಾಲದ ಇನ್ನೊಂದು ಕೃತಿಯಲ್ಲಿ, ಅದನ್ನು ಅರ್ಪಿಸಿದ ವಿದ್ವಾಂಸರೊಬ್ಬರನ್ನು ಅಳತೆ ಮೀರಿ ಹೊಗಳಿದ್ದನ್ನು ಒಪ್ಪಿಕೊಂಡರು. ಆ ವ್ಯಕ್ತಿ ಪಂಡಿತರೂ ಕ್ರೈಸ್ತರೂ ಆಗಿದ್ದುದು ನಿಜ. ಆದರೂ ಹೊಗಳಿಕೆ ಹೆಚ್ಚಾಯಿತು! ಆತ್ಮದ ಅಮರತ್ವವನ್ನು ಕುರಿತ ಕಿರುಕೃತಿಯ ಬಗ್ಗೆಯಂತೂ, ಅದರ ತರ್ಕ ಎಷ್ಟು ಸುತ್ತಿಕೊಂಡಿದೆಯೆಂದರೆ ಓದುವಾಗ ತಮಗೇ ಆಯಾಸವಾಗುತ್ತದೆ, ತಮಗೇ ಸರಿಯಾಗಿ ಅರ್ಥವಾಗದು ಎಂದು ಬರೆದರು. ಜ್ಞಾನಗ್ರಂಥವನ್ನು ರಚಿಸಿದವನು ಸಿರಾಖನೆಂದು ಹಿಂದೆ ಹೇಳಿದ್ದು ಖಚಿತವಲ್ಲವೆಂದು ಆಮೇಲೆ ತಿಳಿದುಕೊಂಡದ್ದನ್ನೂ ಮುಚ್ಚಿಡದೆ ದಾಖಲಿಸಿದರು.

ಇವೆಲ್ಲಕ್ಕಿಂತ ನನ್ನನ್ನು ತಟ್ಟಿದ್ದು ಅವರ ಜಗತ್ಪ್ರಸಿದ್ಧ ಆತ್ಮನಿವೇದನೆಯಾದ 'ಕನ್ಫೆಸಿಯೋನೆಸ್' ಬಗ್ಗೆ ಅವರು ಬರೆದ ಕೆಲವು ಸಾಲುಗಳು. ಹದಿಮೂರು ಭಾಗಗಳ ಆ ಕೃತಿ ಬರೆಯುವಾಗ ತಮ್ಮ ಮನಸ್ಸನ್ನು ದೇವರ ಕಡೆಗೆ ಎತ್ತಿದಂತೆ ಓದುವಾಗ ಇಂದಿಗೂ ಎತ್ತುತ್ತದೆ ಎಂದು ಅವರು ಸಂತೋಷಪಡುತ್ತಾರೆ. ಒಡನೆಯೇ ಅದರ ನಾಲ್ಕನೆಯ ಭಾಗದ ಒಂದು ವಾಕ್ಯಕ್ಕೆ ಬೆರಳಿಡುತ್ತಾರೆ. ಯೌವನದಲ್ಲಿ ತಾಗಸ್ತೆಯ ಪ್ರಾಣಸ್ನೇಹಿತನೊಬ್ಬನು ತೀರಿಕೊಂಡಾಗ ತಾವು ಪಟ್ಟ ಪಾಡನ್ನು ಅಲ್ಲಿ ವರ್ಣಿಸಿದ್ದರು. ಇಬ್ಬರದೂ ಒಂದೇ ಜೀವವಾಗಿದ್ದುದರಿಂದ, ತಾವೂ ಸತ್ತರೆ ಆ ಗೆಳೆಯನು ಪೂರ್ತಿಯಾಗಿ ಸತ್ತುಹೋದಾನೆಂಬ ಭಯದಿಂದ ಬಹುಶಃ ಸಾಯಲು ಅಂಜಿದೆನು ಎಂಬರ್ಥದ ಮಾತು ಅದು. ಓದಿದವರು ಮೆಚ್ಚಿ ತಲೆದೂಗುವಂತಹ ವಾಕ್ಯ. ಆದರೆ ಮುದುಕ ಅಗಸ್ಟೀನರು ಅದನ್ನು ಮೆಚ್ಚಲಿಲ್ಲ. ಅದು ಗಂಭೀರವಾದ ನಿವೇದನೆಯಲ್ಲ, ಹಗುರವಾದ ಭಾಷಣದ ಮಾತು ಎಂದರು. ಅಲ್ಲಿದ್ದ 'ಬಹುಶಃ' ಎಂಬ ಒಂದು ಪದವಷ್ಟೇ ಆ ಅಸಂಗತತೆಯನ್ನು ತುಸು ತಗ್ಗಿಸಿದೆ ಎಂದೂ ಸೇರಿಸಿದರು. ವಾಗ್ಮಿತೆಯ ಅಧ್ಯಾಪಕರಿಗೆ ತಮ್ಮ ಸೊಗಸಾದ ವಾಕ್ಯದಲ್ಲೇ ಸುಳ್ಳಿನ ಛಾಯೆ ಕಂಡಿತು. ದುಃಖ ನಿಜವಾಗಿತ್ತು; ಅದನ್ನು ಹೇಳಿದ ಚಂದ ನಿಜವಾಗಿರಲಿಲ್ಲ.

ಹಾಗೆಂದು ಅವರು ತಮ್ಮ ಬರಹವನ್ನೆಲ್ಲ ಜರೆಯುತ್ತಾ ಕೂರಲಿಲ್ಲ. ಇಚ್ಛಾಸ್ವಾತಂತ್ರ್ಯವನ್ನು ಕುರಿತ ಅವರ ಮೊದಲಿನ ಗ್ರಂಥದ ಮಾತುಗಳನ್ನು ಪೆಲೇಜಿಯಸ್ ಎಂಬಾತನು ದೇವರ ಕೃಪೆಯ ಬಗ್ಗೆ ತನ್ನ ವಾದಕ್ಕೆ ಆಧಾರವಾಗಿ ಬಳಸಿಕೊಂಡಿದ್ದನು. ಅಲ್ಲಿ ಅಗಸ್ಟೀನರು ಹಿಂಜರಿಯಲಿಲ್ಲ. ಆ ಮಾತುಗಳನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಬರೆದೆನೆಂಬುದನ್ನು ವಿವರಿಸಿ ಸಮರ್ಥಿಸಿಕೊಂಡರು. ಸರಿಯಾದುದನ್ನು ಸುಳ್ಳು ವಿನಯದಿಂದ ಅಳಿಸುವುದೂ ತಪ್ಪೇ. ನಾವು ಎಷ್ಟೋ ವರ್ಷಗಳ ಹಿಂದೆ ಬರೆದದ್ದು ಯಾರದೋ ಕೈಗೆ ಹೇಗೆ ಅಸ್ತ್ರವಾಗಬಹುದೆಂಬುದಕ್ಕೂ ಈ ಪ್ರಸಂಗ ಸಾಕ್ಷಿ.

ಅಪೂರ್ಣವಾದ ಬರಹಗಳ ಕಥೆ ಇನ್ನೂ ಸ್ವಾರಸ್ಯಕರ. ಆದಿಕಾಂಡದ ಅಕ್ಷರಾರ್ಥ ವ್ಯಾಖ್ಯಾನವನ್ನು ತರುಣ ಗುರುವಾಗಿದ್ದಾಗ ಆರಂಭಿಸಿ, ಹೊರಲಾರದ ಹೊರೆಯೆಂದು ಅರ್ಧಕ್ಕೆ ಬಿಟ್ಟಿದ್ದರು. ಅದನ್ನು ನಾಶಮಾಡಬೇಕೆಂದಿದ್ದವರು ಈಗ ಕೈಗೆ ಸಿಕ್ಕಾಗ, ತಮ್ಮ ಮೊದಲ ಪ್ರಯತ್ನದ ಗುರುತಾಗಿ ಇರಲಿ ಎಂದು ಉಳಿಸಿದರು. ಸುಳ್ಳಾಡುವುದನ್ನು ಕುರಿತ ಹಳೆಯ ಪುಸ್ತಕವೊಂದು ತೊಡಕು ತೊಡಕಾಗಿದೆಯೆಂದು ತೆಗೆದುಹಾಕಲು ಹಿಂದೆಯೇ ಹೇಳಿದ್ದರು. ಆ ಕೆಲಸ ನಡೆದಿರಲಿಲ್ಲ. ಮತ್ತೆ ಓದಿದಾಗ ಅದರಲ್ಲೂ ಪ್ರಯೋಜನಕರವಾದುದು ಕಂಡು, ಇರಲಿ ಎಂದರು. ಪವಿತ್ರ ಗ್ರಂಥವನ್ನು ಓದುವ ಹಾಗೂ ಬೋಧಿಸುವ ಬಗೆಯನ್ನು ತಿಳಿಸುವ ಮತ್ತೊಂದು ಕೃತಿ ಮೂರನೆಯ ಭಾಗದ ನಡುವೆಯೇ ನಿಂತುಹೋಗಿ ಸುಮಾರು 30 ವರ್ಷಗಳಾಗಿದ್ದವು. ಮುಂದಿನ ಕೃತಿಗೆ ಹೋಗುವ ಮೊದಲು ಅದನ್ನು ಮುಗಿಸಿ, ನಾಲ್ಕನೆಯ ಭಾಗವನ್ನೂ ಬರೆದು ಸೇರಿಸಿದರು. ಹಳೆಯ ಬರಹದ ಓದು ತಿದ್ದುವುದಕ್ಕೆ ಮಾತ್ರವಲ್ಲ, ಬಿಟ್ಟುಹೋದುದನ್ನು ಪೂರೈಸುವುದಕ್ಕೂ ನೆರವಾಯಿತು.

ಪತ್ರಗಳನ್ನೂ ಪ್ರಬೋಧನೆಗಳನ್ನೂ ಹೀಗೆಯೇ ಪರಿಶೀಲಿಸಬೇಕೆಂಬ ಆಸೆ ಅವರಿಗಿತ್ತು. ಪತ್ರಗಳನ್ನು ಓದತೊಡಗಿದ್ದರು ಕೂಡ. ಅಷ್ಟರಲ್ಲಿ ಜೂಲಿಯನ್ ಎಂಬ ಪ್ರತಿವಾದಿಯ ಗ್ರಂಥಕ್ಕೆ ಉತ್ತರ ಬರೆಯಬೇಕಾಗಿ ಬಂದು, ಒಂದು ಕೆಲಸವನ್ನು ಹಗಲಿನಲ್ಲೂ ಇನ್ನೊಂದನ್ನು ರಾತ್ರಿಯಲ್ಲೂ ಮಾಡುತ್ತಿರುವುದಾಗಿ ಪತ್ರವೊಂದರಲ್ಲಿ ತಿಳಿಸಿದರು. ಎರಡೂ ಪೂರ್ಣವಾಗಲಿಲ್ಲ. ವಾಂಡಲರು ಹಿಪ್ಪೋ ನಗರವನ್ನು ಮುತ್ತಿದ ಮೂರನೆಯ ತಿಂಗಳಲ್ಲಿ ಅವರು ಜ್ವರದಿಂದ ಮಲಗಿದರು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ಹಚ್ಚಿಸಿ, ಮಲಗಿದಲ್ಲಿಂದಲೇ ಅವುಗಳನ್ನು ಓದುತ್ತಾ ಕಣ್ಣೀರಿಡುತ್ತಿದ್ದರೆಂದು ಅವರ ಸ್ನೇಹಿತರೂ ಚರಿತ್ರಕಾರರೂ ಆದ ಧರ್ಮಾಧ್ಯಕ್ಷ ಪೊಸಿದಿಯಸರು ಬರೆದಿದ್ದಾರೆ. 430ರ ಆಗಸ್ಟ್ 28ರಂದು ಅಗಸ್ಟೀನರು ದೈವಾಧೀನರಾದರು. ಜೀವಮಾನದ ಬರಹವನ್ನು ವಿಚಾರಿಸಿದ ಕಣ್ಣುಗಳು ಕೊನೆಗೆ ಜೀವವನ್ನೇ ವಿಚಾರಿಸಿಕೊಂಡವು.

ನಾವು ಗ್ರಂಥಕರ್ತರಲ್ಲದಿರಬಹುದು. ಆದರೆ ಬರೆಯದವರು ನಮ್ಮಲ್ಲಿ ಯಾರಿದ್ದಾರೆ? ಮುನಿಸಿಕೊಂಡ ಅಣ್ಣನಿಗೆ ಪತ್ರ, ಸಂಘದ ವರದಿ, ಬೆಳ್ಳಿಹಬ್ಬದ ಅಭಿನಂದನೆ, ಮಗುವಿನ ಶಾಲಾ ಪ್ರಬಂಧ – ಎಲ್ಲವೂ ಬರಹವೇ. ಕಳುಹಿಸುವ ಮೊದಲು ಅದನ್ನು ಒಂದು ರಾತ್ರಿ ಬದಿಗಿಟ್ಟು, ಮರುದಿನ ಬೇರೊಬ್ಬರ ಬರಹವನ್ನು ಓದುವಂತೆ ಓದಬಹುದು. ನನಗೆ ಅರ್ಥವಾಯಿತೇ, ಖಚಿತವಾಗಿ ತಿಳಿದುದನ್ನೇ ಹೇಳಿದೆನೇ, ಹೊಗಳಿಕೆಯೋ ಕೋಪವೋ ಅಳತೆ ಮೀರಿತೇ ಎಂದು ಅಗಸ್ಟೀನರಂತೆ ಕೇಳಿಕೊಳ್ಳಬಹುದು. ನಾವು ತುಂಬ ಮೆಚ್ಚಿಕೊಂಡ ವಾಕ್ಯವನ್ನಂತೂ ಎರಡು ಬಾರಿ ವಿಚಾರಿಸುವುದು ಒಳ್ಳೆಯದು. ಕಡ್ಡಿಯ ಚಪ್ಪಟೆ ತುದಿ ಇನ್ನೂ ನಮ್ಮ ಕೈಯಲ್ಲೇ ಇರುವ ಹೊತ್ತು ಅದು.

ಸ್ಮರಣ ಸಂಚಿಕೆಯ ಆ ಪುಟವನ್ನು ನಾನು ಹರಿದುಹಾಕಲಿಲ್ಲ. ಅಚ್ಚಾದ ಪ್ರತಿಗಳು ಎಷ್ಟೋ ಮನೆಗಳಲ್ಲಿವೆ. ಬೇರೆ ಹಾಳೆಯೊಂದನ್ನು ತೆಗೆದುಕೊಂಡು ಹೊಸದಾಗಿ ಬರೆದೆ. ಅತ್ತೆ ಪ್ರತಿ ಶನಿವಾರ ಬಲಿಪೀಠದ ಬಟ್ಟೆಗಳನ್ನು ಮನೆಗೆ ತಂದು ಒಗೆದು, ಇಸ್ತ್ರಿ ಮಾಡಿ, ಯಾರಿಗೂ ಹೇಳದೆ ಮತ್ತೆ ಒಯ್ದಿಡುತ್ತಿದ್ದರು. ಕೋಪ ಬಂದರೆ ಎರಡು ದಿನ ಮಾತು ಬಿಡುತ್ತಿದ್ದರು. ಮೂರನೆಯ ದಿನ ತಾವೇ ಮೊದಲು ಕರೆದು ಊಟಕ್ಕೆ ಬಡಿಸುತ್ತಿದ್ದರು. ಇಷ್ಟನ್ನೇ ಬರೆದು, ಆ ಹಾಳೆಯನ್ನು ಹಳೆಯ ಪುಟದ ಜೊತೆಗೆ ಇಟ್ಟಿದ್ದೇನೆ. ಮುಂದೆ ಮನೆಯ ಮಕ್ಕಳು ಸಂಚಿಕೆಯನ್ನು ತೆರೆದಾಗ ಎರಡನ್ನೂ ಓದಲಿ.