ನಕ್ಷೆಯಲ್ಲಿಲ್ಲದ ಓಣಿ

ನಾಗಪುರ ಎಂದರೆ ನಮ್ಮವರಿಗೆ ಕಿತ್ತಳೆ ಹಣ್ಣು, ಝೀರೋ ಮೈಲ್ ಕಂಬ. ಕೆಲಸಕ್ಕೆಂದು ಇಲ್ಲಿಗೆ ಬಂದ ನಾನು ಈ ಊರಿನ 400ಕ್ಕೂ ಹೆಚ್ಚು ಕೊಳೆಗೇರಿಗಳ ಚರಿತ್ರೆ ಓದಿದ್ದು ಈಚೆಗೆ.

1936ರ ಕಾಯ್ದೆಯಿಂದ ಹುಟ್ಟಿದ ನಾಗಪುರ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಡಾವಣೆಗಳನ್ನು ಮಾಡಿತು. ಕರಡು ಯೋಜನೆ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕೆಂದು ಮಹಾರಾಷ್ಟ್ರದ 1966ರ ಕಾಯ್ದೆ ಹೇಳಿತು. ಆದರೆ ಆಕ್ಷೇಪಿಸಲು ಮೊದಲು ನಕ್ಷೆಯಲ್ಲಿ ಮನೆ ಕಾಣಬೇಕಲ್ಲ? ಉದ್ಯಾನಕ್ಕೆಂದು ಹಸಿರು ಬಳಿದ ಜಾಗದಲ್ಲಿ ಬದುಕುವವರು ಅಲ್ಲಿ ಕಾಣುವುದಿಲ್ಲ. 1971ರ ಕೊಳೆಗೇರಿ ಕಾಯ್ದೆ ಘೋಷಿತ ಕೇರಿಗಳಿಗೆ ನಲ್ಲಿ, ಶೌಚಾಲಯದ ದಾರಿ ತೆರೆಯಿತು. ಕಾಲಡಿಯ ನೆಲ ಯಾರದೆಂಬ ಪ್ರಶ್ನೆ ಹಾಗೇ ಉಳಿಯಿತು.

ನಿವಾಸಿಗಳು ಶಹರ್ ವಿಕಾಸ್ ಮಂಚ್‌ನಂಥ ಸಂಘಟನೆ ಕಟ್ಟಿಕೊಂಡು ಪಟ್ಟಾ ಕೇಳಿದರು; ನಮ್ಮ ಕಡೆಯ ಹಕ್ಕುಪತ್ರವೇ ಅದು. ಕಳೆದ ದಶಕದಲ್ಲಿ ಸರ್ಕಾರ ಒಪ್ಪಿತು. ಪಟ್ಟಾ ಕೊಡಬೇಕಾದರೆ ಮನೆಮನೆ ಅಳೆಯಬೇಕು. ಹಾಗೆ ಓಣಿಗಳು ನಕ್ಷೆಗೆ ಬಂದವು.

ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವವರಿಗೆ ಇದು ಗೊತ್ತು: ಪಟ್ಟಿಯಲ್ಲಿಲ್ಲದವರ ಅಗತ್ಯವನ್ನು ಯಾರೂ ಕೇಳುವುದಿಲ್ಲ. ಅಳತೆ ಟೇಪು ಬಂದುಹೋದ ಮೇಲೆಯೇ ಅಹವಾಲು ಸಭೆಗೆ ಅರ್ಥ. ನೀವಿರುವ ಊರಿನ ಕರಡು ಯೋಜನೆ ಬಂದಾಗ ನಿಮ್ಮ ಅಪಾರ್ಟ್‌ಮೆಂಟಿನ ಜೊತೆಗೆ ಮನೆಗೆಲಸದ ಅಕ್ಕನ ಓಣಿಯನ್ನೂ ಹುಡುಕಿ ನೋಡಿ.